ಸಿಡಿದದ್ದನ್ನು ಕತ್ತರಿಸಿದ ವಿಡಿಯೊ

ನಮ್ಮ ವಿಶ್ವವಿದ್ಯಾಲಯದ ಡಿಜಿಟಲ್ ಬೋಧನಾ ಕೇಂದ್ರದ ನಿರ್ದೇಶಕರಿಗೆ,

ಮಾನ್ಯರೇ,

ಪ್ರಯೋಗಾಲಯದಲ್ಲಿ ಆಮ್ಲ ಸಿಡಿದು ಮೊದಲ ವರ್ಷದ ರಸಾಯನಶಾಸ್ತ್ರ ವಿದ್ಯಾರ್ಥಿನಿ ರಿಹಾಬ್‌ಳ ಬಲಗೈ ಸುಟ್ಟಿದ್ದಕ್ಕೆ ನಿಮ್ಮ ಕೇಂದ್ರವೇ ಕಾರಣ. ಆದರೆ ನಿಮ್ಮ ವರದಿಯನ್ನು ಆಧರಿಸಿ ಶಿಸ್ತಿನ ನೋಟಿಸು ಬಂದಿರುವುದು ಅವಳ ಹೆಸರಿಗೆ. ‘ಅಜಾಗರೂಕತೆ’ ಎಂದು ಬರೆದಿದ್ದೀರಿ. ಗುರುವಾರದ ವಿಚಾರಣೆಯಲ್ಲಿ ತಪ್ಪಿತಸ್ಥಳೆಂದಾದರೆ ಅವಳ ಇಡೀ ವರ್ಷ ಹಾಳಾಗುತ್ತದೆ.

ಅವಳು ನೋಡಿ ಕಲಿತ ಪಾಠದ ವಿಡಿಯೊ ನನ್ನದು. ಆಮ್ಲಕ್ಕೆ ನೀರು ಸುರಿಯಬಾರದು, ನೀರಿಗೆ ಆಮ್ಲವನ್ನು ನಿಧಾನವಾಗಿ ಸೇರಿಸಬೇಕು ಎಂದು ಬಾಯಲ್ಲಿ ಹೇಳಿದರೆ ಮಕ್ಕಳು ಬರೆದುಕೊಂಡು ಮರೆಯುತ್ತಾರೆ. ಅದಕ್ಕೇ ಗಾಜಿನ ತಡೆಯ ಹಿಂದೆ ನಿಂತು ಮೊದಲು ಬೇಕೆಂದೇ ತಪ್ಪು ಮಾಡಿದೆ. ಆಮ್ಲ ಕೊತಕೊತ ಕುದ್ದು ಗಾಜಿಗೆ ಸಿಡಿಯಿತು. ‘ಇದು ತಪ್ಪು. ಯಾಕೆ ಸಿಡೀತು, ಯೋಚನೆ ಮಾಡಿ’ ಎಂದು ಹೇಳಿ, ಆಮೇಲೆ ಸರಿಯಾದ ಕ್ರಮ ತೋರಿಸಿದೆ. ಎಲ್ಲ ಸೇರಿ ಆರು ನಿಮಿಷ.

ನಿಮ್ಮ ಕೇಂದ್ರ ಅದನ್ನು ಚಂದಗೊಳಿಸಿತು. ಸಿಡಿದದ್ದು ಹೋಯಿತು, ಪ್ರಶ್ನೆ ಹೋಯಿತು. ಒಂದೇ ಕೆಲಸ ಎರಡು ಸಲ ಬರುತ್ತದೆಂದು ಸರಿಯಾದ ಕ್ರಮವೂ ಹೋಯಿತು. ನಾನು ಆಮ್ಲಕ್ಕೆ ನೀರು ಸುರಿಯುವ ಮೊದಲನೆಯದರಲ್ಲಿ ಬೆಳಕು ಚೆನ್ನಾಗಿತ್ತಂತೆ, ಅದೊಂದೇ ಉಳಿಯಿತು. ಖಾಲಿಯಾದ ಜಾಗಕ್ಕೆ ಊದ್ ಎಂಬ ತಂತಿವಾದ್ಯದ ಸಂಗೀತ, ಮೇಲೆ ತಮ್ಮ ಎರಡು ನಿಮಿಷದ ಆಶೀರ್ವಚನ. ‘ಪಾಠ ಮಾಡೋ ಡಾಕ್ಟ್ರೇ ತಪ್ಪು ಮಾಡೋದನ್ನ ತೋರ್ಸಿದ್ರೆ ನಮ್ಮ ಮರ್ಯಾದೆ ಏನಾಗುತ್ತೆ ಮೇಡಂ?’ ಎಂದು ನಿಮ್ಮ ಸಂಕಲನಕಾರ ಆಮೇಲೆ ನನ್ನನ್ನೇ ಕೇಳಿದ. ಮರ್ಯಾದೆ ಉಳಿಯಿತು. ವರ್ಷದ ಅತ್ಯುತ್ತಮ ವಿಡಿಯೊ ಪ್ರಶಸ್ತಿಯೂ ಬಂತು.

ನನ್ನ ಪಾಲಿನ ತಪ್ಪನ್ನೂ ಹೇಳಿಬಿಡುತ್ತೇನೆ. ಒಪ್ಪಿಗೆ ಕೇಳಿ ನೀವು ವಿಡಿಯೊ ಕಳಿಸಿದ್ದು ರಂಜಾನಿನಲ್ಲಿ, ಇಫ್ತಾರಿಗೆ ಹತ್ತು ನಿಮಿಷವಿದ್ದಾಗ. ಹಸಿದಿದ್ದೆ, ಖರ್ಜೂರ ಎದುರಿಗಿತ್ತು. ನೋಡದೆ ಸಹಿ ಹಾಕಿದೆ. ಆ ನಾಚಿಕೆ ಇನ್ನೂ ನನ್ನನ್ನು ಬಿಟ್ಟಿಲ್ಲ.

ಶುಬ್ರಾ ಬಡಾವಣೆಯಲ್ಲಿರುವ ಅವಳ ಮನೆಗೆ ಹೋದಾಗ ರಿಹಾಬ್ ಎಡಗೈಯಲ್ಲೇ ಚಹಾ ತಂದಿಟ್ಟಳು. ‘ಡಾಕ್ಟ್ರೇ, ಮೆಟ್ರೋದಲ್ಲಿ ಹೋಗ್ತಾ ಬರ್ತಾ ಹನ್ನೊಂದು ಸಲ ನೋಡಿದ್ದೆ. ನೀವು ಮಾಡಿದ ಹಾಗೇ ಮಾಡ್ದೆ. ನಾನೆಲ್ಲಿ ತಪ್ಪಿದೆ ಹೇಳಿ.’

‘ಬಾಯ್ಮುಚ್ಚೇ, ಕಲಿಸಿದೋರನ್ನ ಹಂಗೆಲ್ಲ ಕೇಳ್ತಾರಾ?’ ಎಂದು ಅವಳ ತಾಯಿ ಗದರಿದರು.

ತೋರಿಸಿದ್ದನ್ನು ತೋರಿಸಿದಂತೆ ಮಾಡಿದವಳು ಅಜಾಗರೂಕಳೇ? ತಾವು ಆ ವಿಡಿಯೊವನ್ನು ಒಮ್ಮೆಯಾದರೂ ನೋಡಿದ್ದೀರಾ, ತಮ್ಮ ಭಾಷಣ ಮುಗಿದ ಮೇಲಿನ ಭಾಗವನ್ನು?

ಗುರುವಾರ ಸಮಿತಿಯ ಮುಂದೆ ಎರಡನ್ನೂ ಹಾಕಿಸಿ: ನಾನು ಕೊಟ್ಟದ್ದು, ನೀವು ಮಾಡಿದ್ದು. ನೋಟಿಸಿನಿಂದ ರಿಹಾಬ್‌ಳ ಹೆಸರು ತೆಗೆಯಿರಿ. ಆ ಜಾಗ ಖಾಲಿ ಬಿಡಲು ನಿಯಮ ಒಪ್ಪದಿದ್ದರೆ ನನ್ನ ಹೆಸರು ಬರೆಯಿರಿ. ಈ ಸಲ ಓದಿಯೇ ಸಹಿ ಹಾಕುತ್ತೇನೆ.

ಇಂತಿ,
ತಮ್ಮ ಪ್ರಶಸ್ತಿ ವಿಜೇತೆ,
ಇನಾಸ್ ಶಲಬಿ
ರಸಾಯನಶಾಸ್ತ್ರ ವಿಭಾಗ, ಕೈರೊ