ಕೊಳವೆಯೊಳಗಿನ ಬ್ರಷ್

ನವೆಂಬರ್ 11, ಮಂಗಳವಾರ. ಕುಮಟಾ, ಬೆಳಿಗ್ಗೆ

ಶೇವಿಂಗ್ ಬ್ರಷ್ ಇವತ್ತೂ ಒದ್ದೆ. ನಿನ್ನೆ ಭಟ್ಕಳದಲ್ಲಿ ತೊಳೆದು, ಕೊಡವಿ, ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿಟ್ಟದ್ದು. ಬಿಚ್ಚಿದರೆ ನೆನೆದ ಗೋಣಿಯ ವಾಸನೆ. ಬುಡದಲ್ಲಿ ಕಪ್ಪು. ಅದರಲ್ಲೇ ನೊರೆ ಎಬ್ಬಿಸಿದೆ, ಬೇರೆ ಗತಿ ಇಲ್ಲ.

ಸಮದ್ ಪಕ್ಕದ ಮಂಚದಿಂದ ನೋಡುತ್ತಿದ್ದ. ಎಷ್ಟೋ ವರ್ಷದಿಂದ ಇವನೂ ನಾನೂ ಒಂದೇ ಕಂಪೆನಿ, ಒಂದೇ ಕಾರು, ಒಂದೇ ರೂಮು — ಹೋಟೆಲುಗಳಿಗೆ ಗ್ರೈಂಡರ್, ಸ್ಟೀಮರ್ ಮಾರಿಕೊಂಡು ಮಂಗಳೂರಿನಿಂದ ಕಾರವಾರದವರೆಗೆ.

"ಅದು ಹಂದಿ ಕೂದಲಿಂದು ಅಲ್ವ? ನನ್ನ ಬ್ಯಾಗಿನ ಹತ್ರ ಇಡ್ಬೇಡ ಮಾರಾಯ. ವಾಸನೆ ಬೇರೆ. ಫೋಮ್ ಹಾಕ್ಲಿಕ್ಕೆ ನಿನಗೆ ಎಂತ ಕಷ್ಟ?"

ಫೋಮ್ ಆಗುವುದಿಲ್ಲ ನನಗೆ. ಲಾಡ್ಜಿನ ಕನ್ನಡಿಯ ಮುಂದೆ ನಿಧಾನಕ್ಕೆ ಬ್ರಷ್ ತಿರುಗಿಸುವ ಹೊತ್ತು — ಆಗ ನಾನು ಯಾರ ಗಂಡನೂ ಅಲ್ಲ, ಯಾರ ಅಳಿಯನೂ ಅಲ್ಲ, ಯಾರಿಗೂ ಕೊಟೇಶನ್ ಕೊಡಬೇಕಾಗಿಲ್ಲ. ಈ ಅಲೆದಾಟದ ಕೆಲಸ ಬಿಡದಿರುವುದೇ ಅದಕ್ಕೆ ಎಂದು ಕೆಲವೊಮ್ಮೆ ಅನಿಸುತ್ತದೆ. ಹೊಸ ಬ್ರಷ್ ಬೇಕು. ಚಿಕ್ಕದು.

ನವೆಂಬರ್ 13, ಗುರುವಾರ. ಮನೆ

ಬಂದಾಗಿನಿಂದ ಮೊಬೈಲಿನಲ್ಲಿ ಅದೇ. ಹೆಣ್ಣು ನೋಡಲು ಹೋದಾಗಲೂ ಇಷ್ಟು ನೋಡಿರಲಿಲ್ಲ. ಹಂದಿ ಕೂದಲು ಅಗ್ಗ, ಗಡುಸು, ಆದರೆ ಒಣಗುವುದೇ ಇಲ್ಲ. ಬ್ಯಾಡ್ಜರ್ ಎಂಬ ಪ್ರಾಣಿಯ ಕೂದಲು ಬಲು ಮೆತ್ತಗಂತೆ — ರೇಟು ನೋಡಿ ಪುಟ ಮುಚ್ಚಿದೆ. ಸಿಂಥೆಟಿಕ್ ಬೇಗ ಒಣಗುತ್ತದೆ. ಸಮದ್‌ನ ತಕರಾರೂ ಮುಗಿಯುತ್ತದೆ.

ಕೊನೆಗೆ ಒಂದು ಸಿಕ್ಕಿತು. ಅಲ್ಯೂಮಿನಿಯಂ ಕೊಳವೆ, ನಡುಬೆರಳಿನಷ್ಟು ಉದ್ದ. ತಿರುಪು ಬಿಚ್ಚಿ, ಒಳಗಿನ ಬ್ರಷ್ ತೆಗೆದು, ಮೇಲೆ ಕೆಳಗೆ ಮಾಡಿ ಮತ್ತೆ ತಿರುಗಿಸಿದರೆ ಕೊಳವೆಯೇ ಹಿಡಿಕೆ. ಒಂದು ತುದಿಯಲ್ಲಿ ಗಾಳಿಯಾಡಲು ತೂತುಗಳು. ಆರ್ಡರ್ ಒತ್ತಿಬಿಟ್ಟೆ. ಬರಲು ಎರಡು ವಾರ ಆಗುತ್ತದಂತೆ.

"ಈ ಪ್ರಾಯಕ್ಕೆ ಇಷ್ಟು ಚಂದ ಆಗಿ ಯಾರಿಗೆ ತೋರಿಸ್ಲಿಕ್ಕೆ?" ಎಂದಳು ಹರಿಣಾಕ್ಷಿ. ಹೆಂಡತಿಗೆ ಉತ್ತರ ಕೊಡುವ ಪ್ರಾಯವೂ ದಾಟಿದೆ.

ನವೆಂಬರ್ 16, ಭಾನುವಾರ

ನೋಣಯ್ಯ ಮಾವ ಹೋದರು. ಅಮ್ಮನ ಅಣ್ಣ. ಕೂಳೂರು ಹೊಳೆಯ ಈಚೆ ದಡದಲ್ಲಿರುವ ಕುಟುಂಬದ ಮನೆಯಲ್ಲಿ ಗಡಿ ಹಿಡಿದು ಕೂತವರು — ಎಂದರೆ ದೈವಕ್ಕೆ ದೀಪ ಇಡುವ, ನೇಮ, ಕೋಲ ನಡೆಸುವ ಯಜಮಾನ. ನಮ್ಮಲ್ಲಿ ಅದು ಮಗನಿಗೆ ಹೋಗುವುದಿಲ್ಲ, ತಂಗಿಯ ಮಗನಿಗೆ, ಅಳಿಯನಿಗೆ ಬರುತ್ತದೆ.

ಬೊಜ್ಜದ ದಿನದವರೆಗೆ, ಎಂದರೆ ಹದಿಮೂರನೆಯ ದಿನದ ಉತ್ತರಕ್ರಿಯೆಯವರೆಗೆ, ಗಡ್ಡ ತೆಗೆಯುವಂತಿಲ್ಲ. ಪಾಪ, ಒಳ್ಳೆಯವರು. ಕೊನೆಕೊನೆಗೆ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಹೈವೇಯ ಲಾರಿ ನೋಡುತ್ತಿದ್ದರು.

ನವೆಂಬರ್ 29, ಶನಿವಾರ

ನಿನ್ನೆ ಬೊಜ್ಜ. ನಡೆದದ್ದನ್ನು ಎಲ್ಲಾದರೂ ಬರೆಯದಿದ್ದರೆ ತಲೆ ಒಡೆಯುತ್ತದೆ.

ಊಟ ಆಗಿ ಚಾವಡಿಯಲ್ಲಿ ಕೂತಿದ್ದೆವು. ದೊಡ್ಡಮ್ಮ — ಅಮ್ಮನ ಅಕ್ಕ, ಈಗ ಆ ಮನೆಗೆ ಹಿರಿಯರು — ನಿಂತು ಏನೋ ಹೇಳುತ್ತಿದ್ದರು. ಆಗ ಫೋನು. ಬ್ರಷ್ ತಂದ ಕೊರಿಯರಿನವ. ಕೊಡಿಯಾಲ್‌ಬೈಲಿನಲ್ಲಿ ನಮ್ಮ ಫ್ಲಾಟ್ ಸಿಗುತ್ತಿಲ್ಲವಂತೆ.

"ಕಾಲೇಜಿನ ಎದುರು ಅಲ್ಲ ಮಾರಾಯ್ರೆ, ಹಿಂದೆ... ವಾಚ್‌ಮ್ಯಾನ್ ಹತ್ರ ಕೊಡಿ..."

ದೊಡ್ಡಮ್ಮ ಹರಿವಾಣ ಹಿಡಿದು ನನ್ನ ಎದುರಿಗೇ ಬಂದರು. ವೀಳ್ಯ. ಊಟದ ಮೇಲೆ ಎಲ್ಲರಿಗೂ ಕೊಡುವ ಎಲೆ ಅಡಿಕೆ ಎಂದೇ ತಿಳಿದೆ. ಫೋನನ್ನು ಕಿವಿಗೂ ಭುಜಕ್ಕೂ ಸಿಕ್ಕಿಸಿ, ಬಲಗೈ ಚಾಚಿ ತೆಗೆದುಕೊಂಡೆ.

ಚಾವಡಿಯಲ್ಲಿದ್ದವರೆಲ್ಲ ಎದ್ದು ನಿಂತರು. ದೊಡ್ಡಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಇಷ್ಟು ಮಾತಾಡುವವ, ಒಂದು ಎದುರು ಮಾತಿಲ್ಲದೆ ತೆಗೊಂಡ. ದೈವವೇ ಕೈ ನೀಡಿಸಿದ್ದು."

ಆಗ ಅರ್ಥವಾಯಿತು. ದೈವದ ಕೋಣೆಯ ಎದುರು, ಬೊಜ್ಜದ ದಿನ, ಹಿರಿಯರ ಕೈಯ ವೀಳ್ಯ ತೆಗೆದುಕೊಂಡರೆ ಗಡಿಗೆ ಒಪ್ಪಿದ ಹಾಗೆ. ಅವರು ಅದನ್ನೇ ಕೇಳಿದ್ದರು, ನಾನು ವಾಚ್‌ಮ್ಯಾನ್ ಹೆಸರು ಹೇಳುತ್ತಿದ್ದೆ.

"ಸಾರ್, ಓಕೆ ಅಲ್ವ?" ಎಂದ ಕೊರಿಯರಿನವ. "ಓಕೆ" ಎಂದೆ. ಅದನ್ನೂ ಎಲ್ಲರೂ ಕೇಳಿಸಿಕೊಂಡರು.

ಡಿಸೆಂಬರ್ 2, ಮಂಗಳವಾರ

ಬ್ರಷ್ ಚೆನ್ನಾಗಿದೆ. ಅದೇ ಹೊಟ್ಟೆಯುರಿ. ಕೂದಲು ಮೆತ್ತಗೆ, ಆದರೆ ಬೆನ್ನೆಲುಬು ಉಂಟು. ಹೆಚ್ಚು ನೀರು ಕುಡಿಯುವುದಿಲ್ಲ. ಬಟಾಣಿಯಷ್ಟು ಕ್ರೀಮಿಗೆ ಮುಖ ತುಂಬ ನೊರೆ. ಹಿಡಿಕೆ ಗಿಡ್ಡ, ಮೂರೇ ಬೆರಳಿನಲ್ಲಿ ಹಿಡಿಯಬೇಕು, ಎರಡನೆಯ ದಿನಕ್ಕೆ ಅಭ್ಯಾಸ ಆಯಿತು.

ಕಟ್ಟುಕಟ್ಟಳೆ ಕೇಳಿಕೊಂಡು ಬಂದೆ. ದಿನಾ ಸಂಜೆ ದೀಪ. ಹೋಟೆಲ್ ಊಟ ಇಲ್ಲ. ಹೊಳೆ ದಾಟಿ ರಾತ್ರಿ ಉಳಿಯುವಂತಿಲ್ಲ — ಯಾವ ಹೊಳೆಯೂ. ಅಂದರೆ ಆ ಕಡೆ ಕೂಳೂರು ಸೇತುವೆ, ಈ ಕಡೆ ಉಳ್ಳಾಲದ ಸೇತುವೆ, ಪಡುವಣಕ್ಕೆ ಸಮುದ್ರ. ನಡುವೆ ನಾನು, ಒಂದು ಅಲ್ಯೂಮಿನಿಯಂ ಕೊಳವೆ ಹಿಡಿದುಕೊಂಡು.

ಇನ್ನೊಂದು ಉಂಟು. ಗಡಿ ಹಿಡಿದವ ತನ್ನ ಮುಖಕ್ಕೆ ತಾನು ಕತ್ತಿ ತಾಗಿಸಬಾರದು. ಪ್ರತಿ ತಿಂಗಳು ಸಂಕ್ರಮಣದ ಮುಂಚಿನ ದಿನ ಮನೆತನದ ಕ್ಷೌರದವರು ಬಂದು ಮಾಡಬೇಕು. ಕೇಳಿ ಜೋರು ನಗು ಬಂತು. ದೊಡ್ಡಮ್ಮ ನಗಲಿಲ್ಲ.

ಗಡಿ ಪಟ್ಟ, ಎಂದರೆ ಯಜಮಾನನಾಗಿ ಕೂರಿಸುವುದು, ಫೆಬ್ರವರಿ 8ಕ್ಕೆ; ಕಟ್ಟಳೆ ಎಲ್ಲ ಅಲ್ಲಿಂದ ಮೇಲೆ. ಅದರೊಳಗೆ ಚಾವಡಿಯಲ್ಲಿ ನಿಂತು, ನನ್ನಿಂದ ಆಗುವುದಿಲ್ಲ ಎಂದು ವೀಳ್ಯ ಹಿಂದೆ ಕೊಟ್ಟರೆ ಮುಗಿಯಿತು. ಕೊಡುತ್ತೇನೆ. ನನಗೆ ಇದು ಬೇಡ.

ಡಿಸೆಂಬರ್ 10, ಬುಧವಾರ. ಕುಂದಾಪುರ, ಬೆಳಿಗ್ಗೆ

ಕಿಟಕಿ ತೆರೆದರೆ ಬಸ್‌ಸ್ಟ್ಯಾಂಡಿನ ಗಲಾಟೆ. ಕನ್ನಡಿಗೆ ಒಂದು ಬಿರುಕು. ಬಿಸಿನೀರು ಅರ್ಧ ಬಕೆಟ್. ಬ್ರಷ್ ಒಣಗಿ ಗರಿಗರಿ. ಎಂಥ ಸುಖ. ಸಮದ್ ಬ್ರಷ್ ಕೈಗೆ ತೆಗೆದುಕೊಂಡು ಬಿಚ್ಚಿ ಜೋಡಿಸಿ ಆಟ ಆಡಿದ. "ನಂಗೂ ಒಂದು ತರಿಸು," ಎಂದ. ಅವನಿಗೆ ಇರುವುದು ಎದೆವರೆಗೆ ಗಡ್ಡ.

ಡಿಸೆಂಬರ್ 21, ಭಾನುವಾರ

ವೀಳ್ಯ ಹಿಂದೆ ಕೊಡಲು ಹೋದೆ. ಹೇಳಬೇಕಾದ್ದನ್ನು ಕಾರಿನಲ್ಲೇ ಬಾಯಿಪಾಠ ಮಾಡಿದ್ದೆ. ಗೇಟಿನಲ್ಲಿ ಆಶಾಲತಾ ನಿಂತಿದ್ದಳು, ನನ್ನ ತಂಗಿ. ಹರಿಣಾಕ್ಷಿ ಫೋನ್ ಮಾಡಿರಬೇಕು.

"ಅಣ್ಣ, ನೀನು ಬಿಟ್ಟರೆ ಅದು ಯಾರಿಗೆ ಬರ್ತದೆ ಗೊತ್ತುಂಟಲ್ಲ?"

ಗೊತ್ತಿತ್ತು. ಯೋಚಿಸಿರಲಿಲ್ಲ ಅಷ್ಟೆ. ಅವಳ ಮಗ ಮೋಕ್ಷಿತ್. ಕುಟುಂಬದಲ್ಲಿ ಬೇರೆ ಅಳಿಯ ಇಲ್ಲ. ಮರ್ಚಂಟ್ ನೇವಿ, ಜನವರಿಯಲ್ಲಿ ಮೊದಲ ಹಡಗು. ಹಡಗಿನವನಿಗೆ ಹೊಳೆ ದಾಟಬೇಡ ಎಂದು ಹೇಳುವುದು ಹೇಗೆ?

"ಅವನಿಗೆ ಹೇಳಿದ್ದೀಯಾ?"

"ಇಲ್ಲ. ಅವ ಮೊನ್ನೆ ಯೂನಿಫಾರ್ಮ್ ಹೊಲಿಸಿ ತಂದ. ನಾನು ಎಂತ ಹೇಳ್ಲಿ? ನೀನು ತೆಗೊ ಅಂತಲೂ ಹೇಳುದಿಲ್ಲ, ಬಿಡು ಅಂತಲೂ ಹೇಳುದಿಲ್ಲ."

ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನನ್ನ ತಂಗಿಯನ್ನು ಮೀರಿಸುವವರಿಲ್ಲ. ಆದರೆ ಅವಳ ಕೈ ಗೇಟಿನ ಚಿಲಕವನ್ನು ಬಿಟ್ಟಿರಲೇ ಇಲ್ಲ. ಒಳಗೆ ಹೋಗಿ ದೊಡ್ಡಮ್ಮ ಕೊಟ್ಟ ಚಾ ಕುಡಿದು ಬಂದೆ. ಬಾಯಿಪಾಠ ಮಾಡಿದ್ದು ಬಾಯಲ್ಲೇ ಉಳಿಯಿತು. ಸಿಟ್ಟು ಬರುತ್ತಿದೆ. ತಂಗಿಯ ಮೇಲಲ್ಲ, ಹುಡುಗನ ಮೇಲಂತೂ ಅಲ್ಲ... ದೈವದ ಮೇಲೆ ಎಂದು ಬರೆಯಲು ಹೆದರಿಕೆ.

ಜನವರಿ 20, ಮಂಗಳವಾರ. ಕಾರವಾರ, ಬೆಳಿಗ್ಗೆ

ಕೊನೆಯ ಟೂರ್. ಮುಂದಿನ ತಿಂಗಳಿಂದ ಆಫೀಸಿನಲ್ಲಿ ಕೂತು ಫೋನಿನಲ್ಲಿ ಆರ್ಡರ್ ತೆಗೆದುಕೊಳ್ಳುವುದು. ಸಮದ್‌ಗೆ ಹೊಸ ಜೊತೆ ಸಿಗುತ್ತದೆ.

ಮೋಕ್ಷಿತ್ ಫೋಟೋ ಕಳಿಸಿದ್ದಾನೆ. ಹಡಗಿನ ಕ್ಯಾಬಿನ್, ಚಿಕ್ಕ ಬೇಸಿನ್, ಚಿಕ್ಕ ಕನ್ನಡಿ. "ಮಾಮ, ದಿನಾ ಶೇವ್ ಮಾಡ್ಲೇಬೇಕಂತೆ ಇಲ್ಲಿ" ಎಂದು ಬರೆದಿದ್ದಾನೆ. ಅವನಿಗೆ ಏನೂ ಗೊತ್ತಿಲ್ಲ. ಗೊತ್ತಾಗುವುದೂ ಬೇಡ.

ಇವತ್ತು ಎರಡು ಸಲ ನೊರೆ ಹಚ್ಚಿ ಎರಡು ಸಲ ಶೇವ್ ಮಾಡಿದೆ. ಎರಡನೆಯ ಸಲ ತೆಗೆಯಲು ಏನೂ ಇರಲಿಲ್ಲ. ಸಮದ್ ಕೆಳಗೆ ಹೋಗಿ ಕಾರು ಸ್ಟಾರ್ಟ್ ಮಾಡಿಕೊಂಡು ಕೂತ.

ಫೆಬ್ರವರಿ 9, ಸೋಮವಾರ

ಆಯಿತು. ಕೈಗೆ ಬಳೆ, ತಲೆಗೆ ಮುಂಡಾಸು. ಎಲ್ಲರೂ ಕಾಲು ಹಿಡಿದರು, ಆಶಾಲತಾ ಎದ್ದೇಳಲೇ ಇಲ್ಲ ಸ್ವಲ್ಪ ಹೊತ್ತು. ಹರಿಣಾಕ್ಷಿ ಇನ್ನು ನನ್ನನ್ನು ನೀವು ಎನ್ನಬೇಕಂತೆ. ಬೆಳಿಗ್ಗೆ ಅಭ್ಯಾಸಬಲದಿಂದ ಬೇಸಿನ್ ಮುಂದೆ ಹೋಗಿ ಬ್ರಷ್ ಬಿಚ್ಚಿದೆ. ಕೆನ್ನೆಗೆ ಒಣ ಬ್ರಷ್ ಆಡಿಸಿ ಮತ್ತೆ ಒಳಗೆ ಹಾಕಿ ತಿರುಪು ಮುಚ್ಚಿದೆ. ಗಡ್ಡ ತುರಿಸುತ್ತಿದೆ.

ಫೆಬ್ರವರಿ 12, ಗುರುವಾರ. ಕೂಳೂರು, ಸಂಜೆ

ನಾಳೆ ಸಂಕ್ರಮಣ. ಕ್ಷೌರಕ್ಕೆ ಲೋಕನಾಥ ಬಂದಿದ್ದ. ಮಾವನಿಗೆ ಅವನ ಅಪ್ಪ ಮಾಡುತ್ತಿದ್ದದ್ದು, ಈಗ ಇವನು. ಸುರತ್ಕಲ್‌ನಲ್ಲಿ ಎಸಿ ಸಲೂನ್ ಉಂಟು. ಮೊನ್ನೆವರೆಗೆ ನನ್ನನ್ನು ಚಿತ್ತಣ್ಣ ಎನ್ನುತ್ತಿದ್ದ. ಇವತ್ತು ಧಣಿಗಳೇ ಎಂದ. ಬೇಡ ಮಾರಾಯ ಎಂದರೆ ತಲೆ ತಗ್ಗಿಸಿದ.

ಅಂಗಳದಲ್ಲಿ ಮಣೆ ಹಾಕಿ ಕೂರಿಸಿದ. ಚೀಲ ಹುಡುಕಿದ. "ಬ್ರಷ್ಷೇ ಇಲ್ಲ ಧಣಿಗಳೇ. ಸಲೂನಿನಲ್ಲಿ ಈಗ ಯಾರು ಬ್ರಷ್ ಇಡ್ತಾರೆ, ಎಲ್ಲ ಫೋಮೇ."

ಎದ್ದು ಕಾರಿನಿಂದ ನನ್ನದು ತಂದುಕೊಟ್ಟೆ.

"ಇದೆಂತ, ಟಾರ್ಚಾ?" ಎಂದು ತಿರುಗಿಸಿ ನೋಡಿದ. ತೋರಿಸಿಕೊಟ್ಟೆ. ಒಳ್ಳೆಯ ಕೈ ಅವನದ್ದು. ನಾನು ಕಣ್ಣು ಮುಚ್ಚಿ ಕುಂದಾಪುರದ ಬಿರುಕು ಕನ್ನಡಿಯನ್ನು ನೆನೆಸಿಕೊಳ್ಳಲು ನೋಡಿದೆ. ಆಗಲಿಲ್ಲ. ಹೈವೇಯ ಲಾರಿ ಸದ್ದು ಮಾತ್ರ ಕೇಳುತ್ತಿತ್ತು.

ಮುಗಿಸಿ, ಬ್ರಷ್ ತೊಳೆದು, ಕೊಳವೆಗೆ ಹಾಕಿ, ತನ್ನ ಚೀಲದಲ್ಲಿಟ್ಟ. ಕೈ ಚಾಚಿದೆ. ದೊಡ್ಡಮ್ಮ ಜಗಲಿಯಿಂದ, "ಕೂದಲಿಗೆ ತಾಗಿದ್ದು ಈ ಮನೆಗೆ ವಾಪಸ್ ಬರ್ಲಿಕ್ಕಿಲ್ಲ ಮಗಾ, ಅದು ಅವನಿಗೇ" ಎಂದರು. ಇದು ಯಾರೂ ಹೇಳದ ಕಟ್ಟಳೆ. ಚಾಚಿದ ಕೈಯನ್ನು ಹಾಗೇ ಮಡಚಿಕೊಂಡೆ.

"ಜಾಗ್ರತೆ ಇಡ್ತೇನೆ ಧಣಿಗಳೇ," ಎಂದ ಲೋಕನಾಥ. "ಈಗ ನೇರ ಕುಂದಾಪುರಕ್ಕೆ. ನಾಳೆ ಅಲ್ಲೊಬ್ಬ ಮದುಮಗನಿಗೆ ಮಾಡ್ಲಿಕ್ಕುಂಟು. ರಾತ್ರಿ ಲಾಡ್ಜಲ್ಲೇ."

ಗೇಟಿನ ಹತ್ತಿರ ಮಾವನ ಕುರ್ಚಿ ಇನ್ನೂ ಇದೆ. ಅದರಲ್ಲೇ ಕೂತು ಬರೆಯುತ್ತಿದ್ದೇನೆ. ಇಲ್ಲಿಂದ ಸೇತುವೆ ಕಾಣುತ್ತದೆ. ಅವನ ಸ್ಕೂಟರ್ ಹತ್ತಿ, ಲಾರಿಗಳ ನಡುವೆ ದಾಟಿ, ಆಚೆ ಹೋಯಿತು. ಒದ್ದೆ ಬ್ರಷ್ಷನ್ನೇ ಮುಚ್ಚಿಟ್ಟಿದ್ದಾನೆ. ತೂತಿನ ಕಡೆ ಮೇಲೆ ಬರುವಂತೆ ನಿಲ್ಲಿಸಬೇಕು ಎಂದು ಹೇಳಲು ಮರೆತೆ. ಫೋನ್ ಮಾಡಿ ಹೇಳಲೇ... ಲಾಡ್ಜಿಗೆ ಮುಟ್ಟಿದ ಕೂಡಲೇ ಬಿಚ್ಚಿ, ಕಿಟಕಿಯ ಹತ್ತಿರ, ಕನ್ನಡಿಯ ಕೆಳಗೆ —

ದೀಪಕ್ಕೆ ಕರೆಯುತ್ತಿದ್ದಾರೆ.