ಎಡಮಗ್ಗುಲು ನಿನ್ನದು

ಪುಟ್ಟಿಗೆ,

ಇಲ್ಲಿ ಎಲ್ಲ ಸರಿಯಾಗಿದೆ. ಮಂಡಿನೋವು ಇದ್ದಷ್ಟೇ ಇದೆ. ಲಾರಿ ಓಡಿಸುವುದನ್ನು ಬಿಟ್ಟ ಮೇಲೆ ಹೊತ್ತು ಹೋಗದೆ, ನೀನು ಚಿಕ್ಕವಳಿದ್ದಾಗ ಜೋಡಿಸುತ್ತಿದ್ದಂಥ, ಬಿಡಿಭಾಗ ಅಂಟಿಸಿ ವಿಮಾನ, ಹಡಗು ಮಾಡುವ ಮಾಡೆಲ್ ಕಿಟ್‌ಗಳನ್ನು ತಂದುಕೊಂಡಿದ್ದೇನೆ. ನಗಬೇಡ. ಮೊದಲನೆಯ ವಿಮಾನದ ಗಾಜಿನ ಮೇಲೆ ನನ್ನ ಹೆಬ್ಬೆರಳು ಅಚ್ಚೊತ್ತಿದೆ. ಎರಡನೆಯದರ ಚಕ್ರ ತಿರುಗುವುದಿಲ್ಲ. ಈಗ ಆರನೆಯದು. ಅಂಟು ಹಚ್ಚಿದ ಮೇಲೆ ಮರುದಿನದವರೆಗೆ ಮುಟ್ಟದೆ ಬಿಡುವುದನ್ನು ಈ ವಯಸ್ಸಿನಲ್ಲಿ ಕಲಿತೆ.

ಹೋದ ತಿಂಗಳು ಬೀರುವಿನ ಮೇಲಿಂದ ನಿನ್ನ ಹಳೆಯ ಹಡಗನ್ನು ಇಳಿಸಿದೆ. "ಎಷ್ಟು ದಿನ ಕೂರ್ತೀಯೇ, ಕೊಡಿಲ್ಲಿ" ಅಂತ ಕಿತ್ತುಕೊಂಡು ಒಂದೇ ಸಂಜೆಗೆ ನಾನು ಮುಗಿಸಿದೆನಲ್ಲ, ಅದೇ. ಆಮೇಲೆ ನೀನು ಅಂಥದ್ದನ್ನು ಕೈಯಲ್ಲಿ ಹಿಡಿಯಲಿಲ್ಲ. ನಾನು ಮಾತ್ರ ಮನೆಗೆ ಬಂದವರಿಗೆಲ್ಲ ಆ ಹಡಗನ್ನು ನಾನೇ ಮಾಡಿದ್ದು ಎಂದು ತೋರಿಸುತ್ತಿದ್ದೆ.

ಇಳಿಸಿ ಕನ್ನಡಕ ಹಾಕಿಕೊಂಡು ನೋಡಿದರೆ, ನಾನು ಮಾಡಿದ ಬಲಮಗ್ಗುಲಿನ ಕಂಬಿಗಳೆಲ್ಲ ಸೊಟ್ಟ. ಅಂಟು ಸುರಿದು ಗಟ್ಟಿಯಾಗಿತ್ತು. ನೀನು ಮುಗಿಸಿದ್ದ ಎಡಮಗ್ಗುಲಿನಲ್ಲಿ ಎಲ್ಲಿ ಸೇರಿಸಿದ್ದೀಯೆಂದು ಉಗುರಿನಿಂದ ಸವರಿದರೂ ಸಿಗುವುದಿಲ್ಲ. ಆಗ ನಿನಗೆ ಹನ್ನೊಂದು ವರ್ಷ. ನನಗೆ ಇನ್ನೂ ಅಷ್ಟು ಚೆನ್ನಾಗಿ ಅಂಟಿಸಲು ಬಂದಿಲ್ಲ.

ನನ್ನ ಕಡೆಯದನ್ನೆಲ್ಲ ಬಿಡಿಸಿ ಡಬ್ಬಿಯಲ್ಲಿಟ್ಟಿದ್ದೇನೆ. ಒಂದು ಸಂಜೆಯಲ್ಲಿ ಅಂಟಿಸಿದ್ದನ್ನು ಬಿಡಿಸಲು ಒಂಬತ್ತು ದಿನ ಹಿಡಿಯಿತು. ಒಂದೇ ಒಂದು ಕಂಬಿ ಮುರಿಯಿತು, ಅದನ್ನು ಸರಿಮಾಡಿದೆ.

ಬಿಡುವಾದಾಗ ಬಾ. ಚಿಮಟ, ಹೊಸ ಅಂಟು ಎಲ್ಲ ಇಲ್ಲೇ ಇವೆ, ಏನೂ ತರಬೇಡ. ನೀನು ಎಷ್ಟು ದಿನ ಕೂತರೂ ಪಕ್ಕದಲ್ಲಿ ನಾನು ಕೈಕಟ್ಟಿಕೊಂಡು ಕೂತಿರುತ್ತೇನೆ.

ನಿನ್ನ
ಅಪ್ಪ