ಹಾಡಿ ಕೇಳಿದ ಪ್ರಶ್ನೆ

ಮಾರ್ಚ್ ೧೪, ಗುರುವಾರ

ಟ್ರಸ್ಟಿನವರು ಈ ವರ್ಷ ನಮಗೆ ಅನುದಾನ ಕೊಡುವುದಿಲ್ಲವಂತೆ. "ಹೊಸ ಯೋಜನೆಗಳಿಗೆ ಮಾತ್ರ ಕೊಡ್ತೀವಿ, ನಿಮ್ಮದು ಹಳೇದಾಯ್ತಲ್ಲ," ಅಂದರು ಅಲ್ಲಿನ ಮೇಡಂ. ಹಸಿವೂ ಹಳೇದೇ, ಹಾಗಂತ ಆಯಮ್ಮ ಊಟ ಬಿಟ್ಟಿದ್ದಾರಾ?

ಸಂಜೆ ಕ್ಲಾಸಿನಲ್ಲಿ ಹೇಳಲೇಬೇಕಾಯಿತು. ಲಕ್ವ ಹೊಡೆದು ಮಾತು ಹೋದವರು, ನನ್ನ ಹತ್ತಿರ ಹಾಡಲು ಬರುವವರು. ಮಾತು ಹೊರಡದಿದ್ದರೂ ಹಾಡು ಹೊರಡುತ್ತದೆ ಅವರಿಗೆ. ಇವತ್ತೇ ಕೊನೆ ಅಂದೆ. ಯಾರೂ ತುಟಿಪಿಟಕ್ಕೆನ್ನಲಿಲ್ಲ. ಅನ್ನುವುದಾದರೂ ಹೇಗೆ?

ಉಳಿದವರೆಲ್ಲ ಹೋದ ಮೇಲೆ, ಕ್ಲಾಸಿಗೆ ಬರುವ ಕಂಡಕ್ಟರಜ್ಜ ಬಾಗಿಲಲ್ಲಿ ನನ್ನ ಕೈ ಹಿಡಿದುಕೊಂಡರು. ನೀರು ಬೇಕು ಅಂತಲೂ ಹೇಳಲಾಗದವರು, ನಾನು ಕಲಿಸಿದ ರಾಗದಲ್ಲೇ ಎಳೆದೆಳೆದು ಹಾಡಿ ಕೇಳಿದರು: "ಮುಂದಿನ ಗುರುವಾರ... ಎಷ್ಟು ಗಂಟೆಗೆ?"

ನಾನು ಹೇಳಿದ್ದು ಅವರಿಗೆ ಅರ್ಥವಾಗಲಿಲ್ಲವೋ, ಅರ್ಥವಾಗಿಯೇ ಕೇಳಿದರೋ. ನನಗಂತೂ ಮಾತೇ ಹೊರಡಲಿಲ್ಲ. "ಐದಕ್ಕೆ" ಅಂತ ಹಾಡಿಬಿಟ್ಟೆ. ಕ್ಲಾಸಿನ ಕೋಣೆಯ ಬೀಗದಕೈ ನಾಳೆ ಬೆಳಿಗ್ಗೆ ವಾಪಸು ಕೊಡಬೇಕು. ಗುರುವಾರ ಅಜ್ಜ ಬಂದು ಬೀಗ ಹಾಕಿದ ಬಾಗಿಲ ಮುಂದೆ ನಿಂತರೆ, ಐದಕ್ಕೆ ನಾನೂ ಅಲ್ಲಿರಬೇಕಲ್ಲ.